ಮರಳಿನ ಇಲಿಯಲ್ಲಿ ಸಿಕ್ಕ ಅಕ್ಷರ

ಥಾರ್ ಮರುಭೂಮಿಯಿಂದ ಬಂದ ಇಲಿಯ ಒಣಗಿದ ಕಿವಿಯನ್ನು ವಿನಯಾ ಮತ್ತೊಮ್ಮೆ ಕತ್ತರಿಸುತ್ತಿದ್ದಳು. ಮೊದಲ ಸಲದ ಕೆಲಸ ಕೆಟ್ಟಿತ್ತು. ಇಲಿಯ ಮೈಟೊಕಾಂಡ್ರಿಯಾದ, ಅಂದರೆ ತಾಯಿಯಿಂದಷ್ಟೇ ಬರುವ ಡಿಎನ್‌ಎ ಓದಿಸಿದರೆ ನಡುನಡುವೆ ಮನುಷ್ಯರದೂ ಬೆರೆತು ಬಂದಿತ್ತು. ಮುಟ್ಟಿದವರೆಲ್ಲರ ಜೊಲ್ಲು ತೆಗೆದು ಹೋಲಿಸಿದಾಗ ಅದು ಅವಳದೇ ಎಂದು ಗೊತ್ತಾಯಿತು.

"ಮರಳುಗಾಡಿನ ಇಲೀನ ಸಾಗರ ಪೇಟೆ ಹೆಂಗಸು ಮಾಡಿಬಿಟ್ರಲ್ಲ ಮೇಡಂ!" ಲ್ಯಾಬಿನ ದುರ್ಗೇಶ್ ಬೆಳಿಗ್ಗೆಯಿಂದ ನಗುತ್ತಲೇ ಇದ್ದ.

ಅವಳೂ ನಕ್ಕಿದ್ದಳು, ತನ್ನ ಡಿಎನ್‌ಎಯ ಅಕ್ಷರಗಳನ್ನು ಪೂರ್ತಿ ಓದುವವರೆಗೆ. ಒಂದು ಕಡೆ ಒಂದೇ ಅಕ್ಷರ ಬೇರೆಯಿತ್ತು. ಪ್ರಾಯದ ಗಂಡಸರ ಕಣ್ಣಿನ ನರವನ್ನು ಒಣಗಿಸುವ ಅಕ್ಷರ. ಹೆಂಗಸರಲ್ಲಿ ಅದು ಹೆಚ್ಚಾಗಿ ಸುಮ್ಮನೆ ಕೂತಿರುತ್ತದೆ, ಮಕ್ಕಳಿಗೆ ಮಾತ್ರ ತಪ್ಪದೆ ದಾಟುತ್ತದೆ.

ಅಣ್ಣ ಶ್ರೀರಂಗ ರಂಜನಾಳನ್ನು ಮದುವೆಯಾದ ವರ್ಷದೊಳಗೆ ಕಣ್ಣು ಕಳೆದುಕೊಂಡಿದ್ದ. ಅವನಿಗೆ ಬಂದದ್ದು ಅಮ್ಮನಿಂದ.

ಫೋನು ಗುಂಯ್‌ಗುಟ್ಟಿತು. ಮಂಡಗದ್ದೆಯ ತವರಿನಿಂದ ಅಮ್ಮನೇ. ವಿನಯಾ ಕೈಗವಸು ಬಿಚ್ಚಿದಳು.

"ಊಟ ಆತನೆ ಕೂಸೆ? ರಂಜನಾನ ಅಪ್ಪ ಫೋನ್ ಮಾಡಿದ್ದ. ಮಗಳನ್ನ ಕರ್ಕಂಡು ಬತ್ನಡ. ನಾನೇ ಬ್ಯಾಡ ಅಂದಿ."

"ಎಂತಕ್ಕೆ ಅಮ್ಮ? ಅಣ್ಣ ದಿನಾ ಅತ್ತಿಗೇನ ಕೇಳ್ತಾ ಇದ್ದ."

"ಕೇಳ್ಲಿ ಬಿಡು. ಅದರ ಕಾಲ್ಗುಣಕ್ಕೇ ಮಾಣಿ ಕಣ್ಣು ಹೋತು. ಅರಳಸುರಳೀಲಿ ಅಪ್ಪನ ಮನೇಲೇ ಇರ್ಲಿ ಅದು." ಅಮ್ಮನ ದನಿ ಮೆತ್ತಗಾಯಿತು. "ನೀ ಆ ಇಲಿ ಗಿಲಿ ಮುಟ್ಟಡ, ಬಸುರಿ ಹೆಂಗ್ಸು. ನಿಂಗೆ ಅಣ್ಣನ ಹಾಂಗೇ ಚಂದದ ಮಾಣಿ ಹುಟ್ಲಿ."

ಆ ಅಕ್ಷರದ ವಿಷಯ ಹೇಳಿದರೆ ಅತ್ತಿಗೆಯ ತಲೆಯಿಂದ ಅಪವಾದ ಇಳಿಯುತ್ತದೆ. ಇಳಿದದ್ದು ಅಮ್ಮನ ಮಡಿಲಿಗೆ ಬೀಳುತ್ತದೆ, ಅಲ್ಲಿಂದ ತನ್ನ ಹೊಟ್ಟೆಯಲ್ಲಿರುವುದರ ಮೇಲೆ. ಹುಟ್ಟಿದ ದಿನದಿಂದಲೇ ಎಲ್ಲರೂ ಅದರ ಕಣ್ಣನ್ನೇ ನೋಡತೊಡಗುತ್ತಾರೆ.

"ಹೂಂ ಅಮ್ಮ," ಎಂದು ಫೋನಿಟ್ಟಳು.

ದುರ್ಗೇಶ್ ಕೆಟ್ಟ ಟ್ಯೂಬನ್ನು ಬೆಳಕಿಗೆ ಹಿಡಿದಿದ್ದ. "ಇದನ್ನ ಬಿಸಾಕ್ಲಾ ಮೇಡಂ?"

"ಬೇಡ. ಫ್ರೀಜರಲ್ಲೇ ಇರ್ಲಿ."

"ಇಲಿಗೂ ಬೇಡ, ನಮಗೂ ಬೇಡ. ಇಟ್ಟು ಏನ್ ಪೂಜೆ ಮಾಡ್ತೀರಾ?"

ಅವಳು ಟ್ಯೂಬಿನ ಮೇಲೆ ತನ್ನ ಹೆಸರು ಬರೆದು ಫ್ರೀಜರಿಗಿಟ್ಟಳು. ಭಾನುವಾರ ತವರಿಗೆ ಹೋಗುವೆನೆಂದಷ್ಟೇ ಗಂಡನಿಗೆ ಹೇಳಿದ್ದಳು. ಹೋಗುವುದು ಹೌದು. ಆದರೆ ಹೊಸನಗರದ ದಾರಿ ಹಿಡಿದು ಮೊದಲು ಅರಳಸುರಳಿಗೆ. ಅತ್ತಿಗೆಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಅಮ್ಮನಿಗೆ ಹೇಳುವುದು, ತನ್ನ ಹೊಟ್ಟೆಯದನ್ನೂ ಸೇರಿಸಿ.

ಹೊಸ ಕೈಗವಸು ಹಾಕಿಕೊಂಡಳು. ಉಸಿರು ಬಿಗಿಹಿಡಿದು ಇಲಿಯ ಕಿವಿಯ ಮೇಲೆ ಬ್ಲೇಡು ಇಟ್ಟಳು.