ಮೌನೇಶ್ವರಿ ಟೀಚರ ದನಿ

ತುರ್ವಿಹಾಳದ ಸರ್ಕಾರಿ ಶಾಲೆಯಲ್ಲಿ ಮೌನೇಶ್ವರಿ ಟೀಚರು ಹತ್ತೊಂಬತ್ತು ವರ್ಷ ಗಣಿತ ಕಲಿಸಿದವರು. ಅವರು ಮಗ್ಗಿ ಹೇಳಿಸತೊಡಗಿದರೆ ಕಾಲುವೆಯಲ್ಲಿ ಬಟ್ಟೆ ಒಗೆಯುವವರಿಗೂ ಕೇಳಿಸುತ್ತಿತ್ತು. ಅಂಥವರ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡು ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಮಾತ್ರ ಬರೀ ಗಾಳಿಯಾಯಿತು.

ನಾಲ್ಕು ತಿಂಗಳ ರಜೆ ಮುಗಿದ ದಿನ ಸಿಂಧನೂರಿನಲ್ಲಿ ಬಸ್ಸು ಹತ್ತಿದಾಗ ಅವರ ಬ್ಯಾಗಿನಲ್ಲಿ ಒಂದು ಅರ್ಜಿಯಿತ್ತು: ಪಾಠ ಮಾಡಲಾಗದು, ಕಚೇರಿ ಕೆಲಸ ಕೊಡಿ. ಕಂಡಕ್ಟರು "ಎಲ್ಲಿಗ್ರೀ?" ಎಂದ. ಮೂರು ಸಲ ಹೇಳಿದರೂ ಅವನಿಗೆ ಕೇಳಿಸಲಿಲ್ಲ. ಕೊನೆಗೆ ಅಂಗೈ ಮೇಲೆ ಪೆನ್ನಿನಿಂದ ಊರಿನ ಹೆಸರು ಬರೆದು ತೋರಿಸಿದರು. ಊರಿನ ಹೆಸರು ಹೇಳಲಾಗದವಳು ನಲವತ್ತು ಮಕ್ಕಳಿಗೆ ಏನು ಕಲಿಸಿಯಾಳು ಎಂದು ಕಣ್ಣು ತುಂಬಿ ಬಂತು.

ಶಾಲೆಯಲ್ಲಿ ಬಿಸಿಯೂಟ ಮಾಡುವ ಕರೆಮ್ಮ ಎದುರಾದಳು. ಅರ್ಜಿಯ ವಿಷಯ ಕೇಳಿ ಸೌಟು ಹಿಡಿದೇ ನಿಂತುಬಿಟ್ಟಳು.

"ಟೀಚರ್, ನನ್ನ ಮಗಳು ದೀಪಾ ತೊದಲ್ತಿದ್ಲು. ನಗೋರು ನಗಲಿ, ನೀ ಲೆಕ್ಕ ಹೇಳು ಅಂತ ಬೋರ್ಡಿನ ಮುಂದ ನಿಂದ್ರಿಸಿದೋರು ಯಾರ್ರೀ?"

"ಹೇಳೋದು ಸರಳ ಇತ್ತವ್ವ," ಟೀಚರು ಪಿಸುಗುಟ್ಟಿದರು. "ಈಗ ನನ್ನ ಪಾಳಿ ಬಂದೈತಿ. ಅಂಜಿಕಿ ಆಗಾಕತ್ತೈತಿ."

"ಆಗಲಿ ಬಿಡ್ರಿ, ನಾವು ಅದೀವಿ. ಅರ್ಜಿ ನಾಳೆ ಕೊಡ್ರಿ."

ಮರುದಿನ ತರಗತಿಗೆ ಹೋದರೆ ಮದುವೆಗಳಿಗೆ ಮೈಕು ಹಚ್ಚುವ ಮಲೀಕಸಾಬ ಗೋಡೆಗೆ ಸಣ್ಣ ಸ್ಪೀಕರು ಕಟ್ಟುತ್ತಿದ್ದ. ಭತ್ತದ ನಾಟಿಗೆ ಹೋಗಬೇಕಿದ್ದ ಏಳೆಂಟು ತಾಯಂದಿರು ಕಿಟಕಿಯ ಹೊರಗೆ ನಿಂತಿದ್ದರು. ಕರೆಮ್ಮ ಹಿಂದಿನ ಸಂಜೆಯೇ ಮನೆಮನೆ ತಿರುಗಿ ಎಲ್ಲರನ್ನೂ ಕರೆದಿದ್ದಳು.

"ನನ್ನ ಮಗಳು ನಿಮ್ಮ ಕೈಯಾಗ ಕಲ್ತು ನರ್ಸ್ ಆಗ್ಯಾಳ್ರಿ," ಎಂದು ಮಲೀಕಸಾಬ ಕೊರಳಿಗೆ ಹಾಕಿಕೊಳ್ಳುವ ಮೈಕು ಕೊಟ್ಟ. "ಇದಕ್ಕ ಪಿಸುಮಾತು ಸಾಕು."

ಟೀಚರು ಬಾಯಿ ತೆರೆದರು. ಸ್ಪೀಕರಿನಿಂದ ತಗಡು ತಿಕ್ಕಿದಂಥ ಸದ್ದು ಬಂತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅಲ್ಲಿಂದ ಓಡಿಹೋಗಬೇಕೆನಿಸಿತು.

"ಮುಂದ ಹೇಳ್ರಿ ಟೀಚರ್, ಹೊರಗ ನಮಗೂ ಕೇಳಸಾಕತ್ತೈತಿ!" ಕಿಟಕಿಯಿಂದ ಕರೆಮ್ಮ ಕೂಗಿದಳು.

ಧೈರ್ಯವೆಂದರೆ ಅಂಜಿಕೆ ಬಿಡುವುದು ಎಂದು ಇಷ್ಟು ವರ್ಷ ಮಕ್ಕಳಿಗೆ ಹೇಳಿದ್ದರು. ಅಂಜಿಕೆಯೇನೂ ಹೋಗಿರಲಿಲ್ಲ. ಆದರೆ ಕೂಲಿ ಬಿಟ್ಟು ನಿಂತ ಆ ಹೆಂಗಸರಿಗೆ ಬೆನ್ನು ತೋರಿಸಲು ಮನಸ್ಸಾಗಲಿಲ್ಲ. ಒಬ್ಬಳೇ ಆಗಿದ್ದರೆ ಇಷ್ಟು ಹೊತ್ತಿಗೆ ಬಸ್ ನಿಲ್ದಾಣದಲ್ಲಿರುತ್ತಿದ್ದೆ ಎಂದುಕೊಂಡು ಸೀಮೆಸುಣ್ಣ ಎತ್ತಿಕೊಂಡರು. ರೊಟ್ಟಿಯ ಚಿತ್ರ ಬರೆದು, ನಾಲ್ಕು ಭಾಗ ಮಾಡಿ, ಭಿನ್ನರಾಶಿ ಶುರುಮಾಡಿದರು. ಅರ್ಜಿ ಬ್ಯಾಗಿನಿಂದ ಹೊರಗೆ ಬರಲೇ ಇಲ್ಲ.

ಪಾಠ ಮುಗಿದಾಗ ತಾಯಂದಿರಲ್ಲಿ ಹಿರಿಯಳಾದ ಮುದುಕಮ್ಮ ಒಳಗೆ ಬಂದಳು. "ರೊಟ್ಟಿ ಲೆಕ್ಕ ನನಗೂ ತಿಳೀತ್ರಿ. ನಮಗೂ ವಾರಕ್ಕೊಂದಿನ ಕಲಿಸ್ತೀರೇನು?"

ಈಗ ಶನಿವಾರ ಮಧ್ಯಾಹ್ನ ಆ ಬೆಂಚುಗಳಲ್ಲಿ ಹನ್ನೊಂದು ಮಂದಿ ತಾಯಂದಿರು ಮೊಣಕಾಲು ಮಡಿಸಿಕೊಂಡು ಇಕ್ಕಟ್ಟಾಗಿ ಕೂರುತ್ತಾರೆ.