ಶಲ್ ಇದ್ದ ಹಾಳೆ

ಪಂಪೇಶನ ಹೆಸರು ಎತ್ತಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮೂರು ವರ್ಷ ನನ್ನೆದುರು ಬೆಂಚಿನ ಮೇಲೆ ಕೂತು ಇಂಗ್ಲಿಷ್ ಕಲಿತವನು. ಈಗ ಸಂಡೂರು ರಸ್ತೆಯ ಒಂದು ಕಬ್ಬಿಣದ ಫ್ಯಾಕ್ಟರಿಯಲ್ಲಿ ಎಚ್‌ಆರ್ ಸಾಹೇಬ. ಆವತ್ತು ಬೆಳಿಗ್ಗೆ ಚಿತ್ತವಾಡ್ಗಿಯ ನಮ್ಮ ಮನೆಗೆ ಬಂದು, ನಾನೇ ಮಾಡಿಕೊಟ್ಟ ಕಾಫಿ ಕುಡಿದು, ಲೋಟ ಕೆಳಗಿಟ್ಟು ಹೇಳಿದ.

"ಮೇಡಂ, ತರ್ಜುಮೆ ತಪ್ಪಾಗೈತಿ ಅಂತ ಎರಡು ಸಾಲು ಬರದು ಕೊಡ್ರಿ. ನಿಮಗೂ ವಯಸ್ಸಾತು, ಯಾರೂ ಏನೂ ಅನ್ನಂಗಿಲ್ಲ."

ವಯಸ್ಸಾಯಿತಂತೆ! ಬಾಗಿಲು ತೋರಿಸಬೇಕಿತ್ತು, ತೋರಿಸಲಿಲ್ಲ.

ತರ್ಜುಮೆ ಯಮನಮ್ಮನ ಒಪ್ಪಂದದ್ದು. ಅವಳ ಗಂಡ ಹುಸೇನಪ್ಪ ಅದೇ ಫ್ಯಾಕ್ಟರಿಯಲ್ಲಿ ಕ್ರೇನಿನ ಸರಪಳಿ ಹರಿದು ಸತ್ತ. ಕೇಸು ಹಾಕಬೇಡಿ, ಐಟಿಐ ಮುಗಿಸಿದ ಮಗಳು ಕಾವ್ಯಳಿಗೆ ಕಾಯಂ ಕೆಲಸ ಕೊಡುತ್ತೇವೆ ಎಂದು ಕಂಪನಿಯವರು ಬಂದರು. ಶ್ರೀಲಕ್ಷ್ಮೀ ಟೀಚರಮ್ಮ, ಅಂದರೆ ನಾನು, ಕನ್ನಡದಲ್ಲಿ ಬರೆದುಕೊಡದೆ ಹೆಬ್ಬೆಟ್ಟು ಒತ್ತುವುದಿಲ್ಲ ಎಂದು ಯಮನಮ್ಮ ಪಟ್ಟು ಹಿಡಿದಳು. ನಮ್ಮ ಓಣಿಯಲ್ಲಿ ಬ್ಯಾಂಕಿನ ನೋಟಿಸು ಬರಲಿ, ಆಸ್ಪತ್ರೆಯ ರಿಪೋರ್ಟು ಬರಲಿ, ಮೊದಲು ಬರುವುದು ನನ್ನ ಕಟ್ಟೆಗೇ. ಇಂಗ್ಲಿಷ್ ಕರಡನ್ನು ತಂದವನು ಪಂಪೇಶನೇ. 'ಕಂಪನಿಯು ಕಾವ್ಯಳಿಗೆ ಕೆಲಸ ಕೊಡತಕ್ಕದ್ದು' ಎಂದು ನಾನು ಬರೆದೆ. ಅವನು ಕನ್ನಡದ ಫೋಟೋ ಹೊಡೆದುಕೊಂಡು ಹೋದ. ಆಮೇಲೆ ಟೈಪಾಗಿ ಬಂದ ಕನ್ನಡ, ಇಂಗ್ಲಿಷ್ ಎರಡಕ್ಕೂ ಯಮನಮ್ಮ ಹೆಬ್ಬೆಟ್ಟು ಒತ್ತಿದಳು. ಆ ಇಂಗ್ಲಿಷನ್ನು ನನಗೆ ಯಾರೂ ತೋರಿಸಲಿಲ್ಲ, ನಾನೂ ಕೇಳಲಿಲ್ಲ.

ವರ್ಷ ಕಳೆದರೂ ಕೆಲಸವಿಲ್ಲ. ಯಮನಮ್ಮ ಲೇಬರ್ ಆಫೀಸಿಗೆ ಅರ್ಜಿ ಹಾಕಿದಳು. ಕನ್ನಡ ಒಂದು ಹೇಳುತ್ತದೆ, ಇಂಗ್ಲಿಷ್ ಇನ್ನೊಂದು ಹೇಳುತ್ತದೆ, ಯಾವುದು ನಿಜ ಎಂದು ಅಧಿಕಾರಿ ಕೇಳಿದರಂತೆ. ಪಂಪೇಶ ಮನೆಗೆ ಬಂದ ಮರುದಿನವೇ ವಿಚಾರಣೆ ಇತ್ತು. ಅದಕ್ಕೇ ಈ ಮಹಾಶಯನಿಗೆ ನನ್ನ ಎರಡು ಸಾಲು ಬೇಕಿತ್ತು.

ಅವನು ಹಿಡಿದ ಇಂಗ್ಲಿಷ್ ಪ್ರತಿಯನ್ನು ನೋಡಿದೆ. ಅದರಲ್ಲಿ ಕೊಡಲೇಬೇಕು ಎನ್ನುವ ಶಲ್ ಇರಲಿಲ್ಲ, ಮೇ ಇತ್ತು. ಕೊಟ್ಟರೆ ಕೊಡಬಹುದು, ಬಿಟ್ಟರೆ ಬಿಡಬಹುದು.

ಈ ಎರಡು ಪದಗಳನ್ನು ಮೂವತ್ತೊಂದು ವರ್ಷ ಪಾಠ ಮಾಡಿದವಳು ನಾನು. ಬೇರೆ ಕ್ರಿಯಾಪದಗಳಂತೆ ಇವುಗಳ ಕೊನೆಗೆ ಎಸ್ ಹತ್ತುವುದಿಲ್ಲ, ಮಾಲೀಕನ ಮಾತಿಗೂ ಕೂಲಿಯ ಮಾತಿಗೂ ಒಂದೇ ರೂಪ ಎಂದು ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಶಲ್ ಎಂದರೆ ನಾನು ಋಣದಲ್ಲಿದ್ದೇನೆ, ತೀರಿಸಬೇಕು ಎಂದರ್ಥ. ಮೇ ಎಂದರೆ ನನ್ನಲ್ಲಿ ಬಲವಿದೆ ಎಂದು. ಪರೀಕ್ಷೆಗೆ ಬರುವುದಿಲ್ಲ ಎಂದು ಉಳಿದವರೆಲ್ಲ ಆಕಳಿಸುತ್ತಿದ್ದರು. ಬರೆದುಕೊಂಡವನು ಪಂಪೇಶ ಒಬ್ಬನೇ.

ಇಂಥ ನಾನು ಮೇ ಎಂದಿದ್ದನ್ನು 'ತಕ್ಕದ್ದು' ಎಂದು ಬರೆದೆನೇ? ಕನ್ನಡಕ ಬದಲಿಸಿ ನಾಲ್ಕು ವರ್ಷವಾಗಿತ್ತು. ಬರೆದಿದ್ದರೂ ಬರೆದಿರಬೇಕು ಎನಿಸಿ ನನ್ನ ಮೇಲೇ ಕೆಟ್ಟ ಸಿಟ್ಟು ಬಂತು. ನಾಳೆ ಆಫೀಸಿನಲ್ಲೇ ಹೇಳುತ್ತೇನೆ ಎಂದು ಅವನನ್ನು ಸಾಗಹಾಕಿದೆ.

ಸಂಜೆ ಯಮನಮ್ಮನ ಮನೆಗೆ ಹೋದೆ. ತಪ್ಪು ನನ್ನದು, ನಿನ್ನ ಮಗಳ ಕೆಲಸ ಹೋಗುವುದು ನನ್ನಿಂದ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅವಳು ಬೈಯಲಿಲ್ಲ, ಅಳಲಿಲ್ಲ. ಕುಂದ್ರಿ ಎಂದು ಚಾಪೆ ಹಾಸಿ, ದೇವರ ಪಟದ ಹಿಂದಿನಿಂದ ಒಂದು ಹಾಳೆ ತೆಗೆದಳು.

"ನನಗ ಓದಾಕ ಬರಂಗಿಲ್ಲರಿ ಅಮ್ಮಾ. ನಿಮ್ಮ ಕೈಲೆ ಬರದಿದ್ದು ಹಾಳಾಗಬಾರದು ಅಂತ ಲ್ಯಾಮಿನೇಷನ್ ಮಾಡಿಸಿಟ್ಟೀನಿ."

ನಾನೇ ಓದಿ ಹೇಳಿ ಅವಳ ಕೈಗೆ ಕೊಟ್ಟಿದ್ದ ಕನ್ನಡದ ಹಾಳೆ. ಮೂಲೆಯಲ್ಲಿ ಕುಂಕುಮ ಹಚ್ಚಿದ್ದಳು. ತಿರುಗಿಸಿದೆ. ಕಾಗದದ ವಿಷಯದಲ್ಲಿ ನಾನು ಮಹಾ ಜಿಪುಣಿ, ಖಾಲಿ ಹಿಂಬದಿ ಸಿಕ್ಕರೆ ಹೊಸ ಹಾಳೆ ಮುಟ್ಟುವವಳಲ್ಲ. ಕನ್ನಡವನ್ನು ಬರೆದಿದ್ದು ಅವನು ತಂದ ಕರಡಿನ ಬೆನ್ನಿಗೇ! ಆ ಕಡೆ ಕಂಪನಿಯ ಇಂಗ್ಲಿಷ್ ಇತ್ತು. ಜೂನ್ ಮೂವತ್ತೊಂದರೊಳಗೆ ಎಂದು ಬರೆದಿದ್ದಕ್ಕೆ ನಾನು ಕೆಂಪು ಇಂಕಿನಲ್ಲಿ ಸುತ್ತು ಹಾಕಿ ಮೂವತ್ತು ಮಾಡಿದ್ದೆ. ನನ್ನ ಕ್ಲಾಸಿನಲ್ಲಿ ತಿದ್ದಿದ ಕಡೆಯೆಲ್ಲ ಹುಡುಗರು ಸಹಿ ಹಾಕಬೇಕಿತ್ತು. ಹಳೆಯ ಅಭ್ಯಾಸ, ನಾನು ಪೆನ್ನು ಚಾಚಿದ್ದೆ, ಪಂಪೇಶ ತೆಪ್ಪಗೆ ಸಹಿ ಮಾಡಿ ತಾರೀಖು ಹಾಕಿದ್ದ. ಅದೇ ಸಾಲಿನಲ್ಲಿ ಶಲ್ ಇತ್ತು.

ಸಿಟ್ಟು ನೆತ್ತಿಗೇರಿತು. ಶಲ್ ತೆಗೆದು ಮೇ ಎಂದು ಬದಲಿಸಿದ್ದು ಒಂದು ಪಾಪ. ಬದಲಿಸಿ, ನನ್ನ ಮನೆಯ ಕಾಫಿ ಕುಡಿದು, ತಪ್ಪು ನನ್ನದೆಂದು ನನ್ನ ಕೈಯಲ್ಲೇ ಬರೆಸಲು ಬಂದಿದ್ದನಲ್ಲ, ಅದನ್ನು ನಾನು ಸತ್ತರೂ ಕ್ಷಮಿಸುವುದಿಲ್ಲ.

ಮರುದಿನ ಲೇಬರ್ ಆಫೀಸಿನಲ್ಲಿ ಯಮನಮ್ಮನೇ ಹಾಳೆಯನ್ನು ಮೇಜಿನ ಮೇಲಿಟ್ಟಳು. ಅಧಿಕಾರಿ ಎರಡು ಸಲ ತಿರುಗಿಸಿ ಓದಿ, ಸಹಿ ಯಾರದೆಂದು ಕೇಳಿದರು. ನಂದೇ ಸರ್ ಎಂದು ಪಂಪೇಶ ನೆಲ ನೋಡಿದ. ಒಂದು ತಿಂಗಳೊಳಗೆ ಕಾವ್ಯಳಿಗೆ ಕೆಲಸ ಕೊಡತಕ್ಕದ್ದು ಎಂದು ಅಧಿಕಾರಿ ಬರೆಸಿದರು. ಕಂಪನಿಯ ವಕೀಲ ಸಹಿ ಹಾಕಿದ.

ಹೊರಗೆ ನಾವು ಆಟೋ ಹತ್ತುವಾಗ ಪಂಪೇಶ ಓಡಿಬಂದ. ಬದಲಿಸು ಎಂದವರು ಮೇಲಿನವರಂತೆ, ಅವನು ಬರೀ ಟೈಪ್ ಮಾಡಿಸಿದನಂತೆ.

"ಈಗ ಎಲ್ಲಾ ನನ್ನ ತಲಿಗೆ ಕಟ್ಟತಾರ್ರಿ ಮೇಡಂ. ನನ್ನ ನೌಕರಿ ಹೋಗತೈತಿ."

ಯಮನಮ್ಮ ಹಾಳೆಯನ್ನು ಸೆರಗಿನಿಂದ ಒರೆಸಿ ಚೀಲಕ್ಕೆ ಹಾಕಿಕೊಂಡಳು. ನಾನು ಅವನ ಮುಖ ನೋಡಿದೆ.

"ಹೋಗಬಹುದಪ್ಪ," ಎಂದೆ.