ಹೊಸ್ತಿಲ ಹೊರಗೆ ನಿಂತ ಅಣ್ಣ

"ಈ ರೋಜು ಇವ್ವಲೇಮಮ್ಮಾ," ಎಂದು ನರ್ಸು ಹೇಳುವ ಹೊತ್ತಿಗೆ ಸೂಗಮ್ಮ ಕುರ್ಚಿಯಲ್ಲಿ ಒರಗಿ, ಸೆರಗು ಸರಿಸಿ, ಸೂಜಿಗೆ ಕೈ ಚಾಚಿ ಕೂತಿದ್ದಳು. ಇವತ್ತೂ ಔಷಧಿ ಕೊಡುವುದಿಲ್ಲ. ಬೆಳಿಗ್ಗೆ ಕೊಟ್ಟ ರಕ್ತದಲ್ಲಿ ಬಿಳಿ ಕಣಗಳು ಸಾಕಷ್ಟಿಲ್ಲ. ಈ ಸ್ಥಿತಿಯಲ್ಲಿ ಕೀಮೋ ಏರಿಸಿದರೆ ಇರುವ ನಾಲ್ಕು ಕಣವೂ ಸಾಯುತ್ತವೆ. ಮುಂದಿನ ವಾರ ಬರಬೇಕು.

"ಪಿಛ್ಲೇ ಹಫ್ತೇ ಭೀ ಯಹೀಚ್ ಬೋಲೆ!" ಎಂದು ಸೂಗಮ್ಮ ರೇಗಿದಳು. ಹೋದ ವಾರವೂ ಇದೇ ಮಾತು ಕೇಳಿ ಹೊಳ್ಳಿ ಹೋಗಿದ್ದಳು. ನರ್ಸು ಆಗಲೇ ಪಕ್ಕದ ಕುರ್ಚಿಯವರ ಕಡೆ ತಿರುಗಿದ್ದಳು.

ಹೊರಗೆ ಗಂಡ ಬಂಡೆಪ್ಪ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಹೆಂಡತಿ ಇಷ್ಟು ಬೇಗ ಬಂದದ್ದು ನೋಡಿಯೇ ಅವನಿಗೆ ತಿಳಿಯಿತು. "ಇರಲಿ ಬಿಡು, ಮುಂದಿನ ವಾರ ಆಕ್ಕೈತಿ," ಎಂದ.

"ಏನ್ ಇರಲಿ? ಯಾವಾಗ ನೋಡಿದ್ರೂ ಇರಲಿ ಬಿಡು. ನನ್ನ ರಕ್ತ ನನ್ನ ಮಾತು ಕೇಳವಲ್ದು, ನಿಮ್ಮ ಇರಲಿ ಬಿಡು ಕೇಳತೈತೇನು?"

ಆಟೋದಲ್ಲಿ ಸನತ್‌ನಗರದ ಮನೆಗೆ ಹೊಳ್ಳಿದರು.

ಅವರದು ಒಂದು ಮನೆಯ ಮೇಲಿನ ಎರಡು ಕೋಣೆಯ ಪೋರ್ಷನ್. ಬಂಡೆಪ್ಪ ಹತ್ತಿರದ ಸಣ್ಣ ಕಾರ್ಖಾನೆಯೊಂದರಲ್ಲಿ ಲೇತ್ ಮಷೀನುಗಳ ಮೇಲ್ವಿಚಾರಕ. ಮಗಳು ಸೊಲ್ಲಾಪುರದಲ್ಲಿ ಗಂಡನ ಮನೆಯಲ್ಲಿ ಬಾಣಂತಿ. ಸೂಗಮ್ಮ ಮುಂದಿನ ಕೋಣೆಯಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದಳು. ಕಾರ್ಖಾನೆ ಕೆಲಸಗಾರರ ಹೆಣ್ಣುಮಕ್ಕಳೆಲ್ಲ ಬರುತ್ತಿದ್ದರು; ಹೊತ್ತು ಮುಳುಗುವ ತನಕ ಮಷೀನಿನ ಸದ್ದು, ನಗು, ತೆಲುಗು, ಉರ್ದು, ಕನ್ನಡ. ಎದೆಯ ಗಡ್ಡೆಗೆ ಆಪರೇಷನ್ ಆಗಿ ಕೀಮೋ ಶುರುವಾದ ಮೇಲೆ ಡಾಕ್ಟರು ಕ್ಲಾಸು ನಿಲ್ಲಿಸಿ ಎಂದರು. ಅಷ್ಟು ಹುಡುಗಿಯರಲ್ಲಿ ದಿನಾ ಒಬ್ಬಳಿಗಾದರೂ ಕೆಮ್ಮು ಇದ್ದೇ ಇರುತ್ತದೆ. ಸೂಜಿ ಚುಚ್ಚಿದರೆ ಕೀವಾಗುತ್ತದೆ.

ಬೇಡ ಎನ್ನುವುದು ಅಷ್ಟಕ್ಕೇ ಮುಗಿಯಲಿಲ್ಲ. ಹೊರಗಿನ ಮೊಸರು ಬೇಡ. ಹಸಿ ಉಳ್ಳಾಗಡ್ಡಿ, ಹಸಿ ಸೌತೆಕಾಯಿ, ಮೆಂತ್ಯದ ಎಲೆ ಬೇಡ. ಹುಟ್ಟಿದಾಗಿನಿಂದ ರೊಟ್ಟಿಯ ಜೊತೆ ಹಸಿ ಉಳ್ಳಾಗಡ್ಡಿ ಕಡಿದು ತಿಂದವಳಿಗೆ ಈಗ ಊಟವೆಂದರೆ ಬೇಯಿಸಿದ ಸಪ್ಪೆ. ಅದರ ಮೇಲೆ ಬಾಯೊಳಗೆ ಹುಣ್ಣು. ಉಪ್ಪುನೀರು ಮುಕ್ಕಳಿಸಬೇಕು, ನೀರು ಕುದಿಸಬೇಕು, ಬಾಗಿಲ ಚಿಲಕ ಮುಟ್ಟಿದರೂ ಕೈ ತೊಳೆಯಬೇಕು. ತೊಳೆದು ತೊಳೆದು ಬೆರಳ ಸಂದಿ ಒಡೆದಿತ್ತು. ಒಡೆದ ಚರ್ಮದಲ್ಲಿ ಸೋಂಕು ಹೊಗುತ್ತದೆಂದು ಅದಕ್ಕೊಂದು ಮುಲಾಮು. ಎಲ್ಲವನ್ನೂ ಸೂಗಮ್ಮ ತಪ್ಪದೆ ಮಾಡುತ್ತಿದ್ದಳು. ಮಾಡಿಯೂ ಕಣಗಳು ಏರದೆ ಇದ್ದಾಗ ಅವಳಿಗೆ ಪಾತ್ರೆ ಎತ್ತಿ ಗೋಡೆಗೆ ಒಗೆಯಬೇಕೆನಿಸುತ್ತಿತ್ತು.

ಆ ವಾರದಲ್ಲೇ ಮಾನ್ವಿಯಿಂದ ಅವಳ ಅಣ್ಣ ಅಮರೇಶಪ್ಪ ಫೋನು ಮಾಡಿದ. ಎತ್ತಿದವನು ಬಂಡೆಪ್ಪ.

"ಆಪರೇಷನ್ ಆದಾಗ ನೋಡಿದ್ದು, ಆಮ್ಯಾಲ ತಂಗಿ ಮಾರಿನೇ ಕಂಡಿಲ್ಲ. ಐತವಾರ ನಾನೂ ವಿಶಾಲಾಕ್ಷಿನೂ ಬರ್ತೀವಿ," ಎಂದ ಅಮರೇಶಪ್ಪ. ಮಾತಿನ ನಡುವೆ ಕೆಮ್ಮಿದ.

ಬಂಡೆಪ್ಪ ಆ ಕೆಮ್ಮು ಕೇಳಿದ. "ಬರ್ರಿ ಬರ್ರಿ," ಎಂದ.

ಅವನು ಯಾರಿಗೂ ಇಲ್ಲ ಎಂದವನಲ್ಲ. ಕಾರ್ಖಾನೆಯಲ್ಲಿ ಯಾರ ರಜೆಯ ದಿನದ ಕೆಲಸವೂ ಅವನ ತಲೆಗೇ ಬರುತ್ತಿತ್ತು. ಹೆಂಡತಿಗೆ ವಿಷಯ ಹೇಳಿದ್ದು ಶನಿವಾರ ಸಂಜೆ. ಕೆಮ್ಮಿನ ಸುದ್ದಿ ಹೇಳಲೇ ಇಲ್ಲ.

ಐತವಾರ ಮಧ್ಯಾಹ್ನ ಮೆಟ್ಟಿಲಲ್ಲಿ ಹೆಜ್ಜೆಯ ಸಪ್ಪಳ, ಅದರ ಜೊತೆಗೆ ದೊಡ್ಡ ಸೀನು. ಇನ್ನೊಂದು ಸೀನು. ಸೂಗಮ್ಮ ಎದ್ದು ಬಾಗಿಲಿಗೆ ಬಂದಳು. ಅಮರೇಶಪ್ಪ ಕೊರಳಿಗೆ ಮಫ್ಲರ್ ಸುತ್ತಿಕೊಂಡು, ಕೈಯಲ್ಲಿ ಬುತ್ತಿಯ ಗಂಟು ಹಿಡಿದು ಏರಿ ಬರುತ್ತಿದ್ದ. ಮೂಗು ಕೆಂಪಾಗಿತ್ತು. ಹಿಂದೆ ಹೆಂಡತಿ ವಿಶಾಲಾಕ್ಷಿ. ತಲೆಗೂದಲು ಉದುರಿದ ತಂಗಿಯನ್ನು ಕಂಡು ಅವನ ಕಣ್ಣಲ್ಲಿ ನೀರು ಬಂತು.

"ಅಣ್ಣಾ, ಅಲ್ಲೇ ನಿಲ್ಲು," ಎಂದಳು ಸೂಗಮ್ಮ.

"ಯಾಕವಾ?"

"ನಿನಗ ನೆಗಡಿ ಆಗೈತಿ."

"ಏ, ಇದೇನ್ ನೆಗಡಿ! ಬಸ್ಸಿನ ಕಿಡಕಿ ಗಾಳಿ ಬಡದೈತಿ. ಸರಿ ಒಂದಿಷ್ಟು, ಒಳಗ ಬಿಡು."

ಸೂಗಮ್ಮ ಬಾಗಿಲ ಚೌಕಟ್ಟಿಗೆ ಅಡ್ಡವಾಗಿ ಕೈ ಇಟ್ಟಳು. "ಸಿಟ್ಟಾಗಬ್ಯಾಡ. ನನ್ನ ಮೈಯಾಗ ತಡಕೊಳ್ಳೋ ಶಕ್ತಿ ಇಲ್ಲ. ನಿನಗ ನೆಗಡಿ ಆಗಿದ್ದು ನನಗ ಬಂದ್ರ ನ್ಯುಮೋನಿಯಾ ಆಕ್ಕೈತಿ. ಡಾಕ್ಟರು ಹೇಳ್ಯಾರ."

"ಒಡಹುಟ್ಟಿದ ಅಣ್ಣನ್ನ ಹೊರಗ ನಿಲ್ಲಸಂತ ಹೇಳ್ಯಾರೇನು ಡಾಕ್ಟರು?"

"ಹೂಂ. ಯಾರಿದ್ರೂ ಹಂಗ ಮಾಡಂತ ಹೇಳ್ಯಾರ."

"ನಸುಕಿನ್ಯಾಗ ಎದ್ದು ಬಸ್ ಹಿಡದೀವಿ, ಸೂಗವ್ವ," ಎಂದಳು ವಿಶಾಲಾಕ್ಷಿ. ಅವಳ ದನಿಯಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಿತ್ತು.

ಬಂಡೆಪ್ಪ ನೀರಿನ ತಂಬಿಗೆ ಹಿಡಿದು ಹೆಂಡತಿಯ ಹಿಂದೆ ನಿಂತಿದ್ದ. ಸೂಗಮ್ಮ ತಿರುಗಿ, "ನೀವಾದ್ರೂ ಹೇಳ್ರಿ," ಎಂದಳು. ಅವನು ತಂಬಿಗೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. "ಹೊರಗ ಖುರ್ಚಿ ಹಾಕ್ತೀನ್ರಿ ಅಣ್ಣಾರ, ಅಲ್ಲೇ ಕುಂತು ಮಾತಾಡ್ರಿ," ಎಂದ.

"ಖುರ್ಚಿ ಬ್ಯಾಡ. ಪಾರ್ಸಲ್ ಕೊಡಾಕ ಬಂದವನ ಹಂಗ ಹೊರಗ ಕುಂದ್ರಾಂಗಿಲ್ಲ ನಾ." ಅಮರೇಶಪ್ಪ ಗಂಟನ್ನು ಮೇಲಿನ ಮೆಟ್ಟಿಲ ಮೇಲೆ ಇಟ್ಟ. "ಅಪ್ಪ ಸತ್ತಾಗ ನೀ ಇಷ್ಟುದ್ದ ಇದ್ದಿ. ನಾ ಒಂದ್ ದಿನಾದ್ರೂ ನಿನ್ನ ಹೊರಗ ನಿಲ್ಲಿಸಿದ್ದು ನೆನಪೈತೇನು?"

ಉತ್ತರಕ್ಕೆ ಕಾಯದೆ ಇಳಿದುಹೋದ. ವಿಶಾಲಾಕ್ಷಿ ಒಮ್ಮೆ ತಿರುಗಿ ನೋಡಿ ಹಿಂಬಾಲಿಸಿದಳು. ಬಂಡೆಪ್ಪ ತಂಬಿಗೆ ಸಮೇತ ಕೆಳಗೆ ಓಡಿದ; ಸ್ವಲ್ಪ ಹೊತ್ತಿಗೆ ತುಂಬಿದ ತಂಬಿಗೆಯೊಂದಿಗೇ ಹೊಳ್ಳಿ ಬಂದ.

"ನೀರೂ ಕುಡೀಲಿಲ್ಲ," ಎಂದ.

"ಅಣ್ಣ ಫೋನಿನ್ಯಾಗ ಕೆಮ್ಮಿದ್ನೇನು?"

ಬಂಡೆಪ್ಪ ತಂಬಿಗೆಯನ್ನು ಕೆಳಗಿಟ್ಟ.

"ಕೆಮ್ಮಿದ್ದ, ಹೌದಲ್ಲ? ಆವಾಗ ನೀವು ಬ್ಯಾಡ್ರಿ, ಆರಾಮಾದ ಮ್ಯಾಲ ಬರ್ರಿ ಅಂದಿದ್ರ ಇದೆಲ್ಲ ಆಗ್ತಿತ್ತೇನು?"

"ಹಿರೇರಿಗೆ ಹೆಂಗ ಅನ್ನಲಿ?"

"ಬರೋಬ್ಬರಿ. ನೀವು ಒಳ್ಳೇವರಾಗಿ ಉಳದ್ರಿ, ನಾ ಕೆಟ್ಟಾಕಿ ಆದೆ. ಮೈಯಾಗ ರೋಗನೂ ನಂದ, ಬಾಗಿಲದಾಗ ಕಾವಲೂ ನಂದ."

ಗಂಟಿನಲ್ಲಿ ಶೇಂಗಾ ಹೋಳಿಗೆ ಇದ್ದವು. ಬಂಡೆಪ್ಪ ಒಂದನ್ನು ಬಿಸಿ ಮಾಡಿ ತಂದಿಟ್ಟ. ಅವಳು ಮುಟ್ಟಲಿಲ್ಲ. ಹಾಸಿಗೆಯ ಮೇಲೆ ಗೋಡೆಯ ಕಡೆ ತಿರುಗಿ ಮಲಗಿ, ಅಣ್ಣನ ಮೇಲೆ, ಗಂಡನ ಮೇಲೆ, ಡಾಕ್ಟರ ಮೇಲೆ, ಕೊನೆಗೆ ಕಣ್ಣಿಗೆ ಕಾಣದ ಆ ಬಿಳಿ ಕಣಗಳ ಮೇಲೆ ಸಿಟ್ಟು ಮಾಡಿಕೊಂಡಳು. ಇಷ್ಟು ಮಾಡಿದ್ದಕ್ಕಾದರೂ ಈ ಸಲ ಏರಲಿ ಎಂದುಕೊಂಡಳು.

ಬುಧವಾರ ಮಧ್ಯಾಹ್ನ ಅವಳಿಗೆ ಚಳಿ ಹತ್ತಿತು. ಜುಲೈ ತಿಂಗಳ ಸೆಕೆ, ಫ್ಯಾನು ತಿರುಗುತ್ತಿತ್ತು. ಫ್ಯಾನು ಆರಿಸಿ ರಗ್ಗು ಹೊದ್ದರೂ ಹಲ್ಲು ಕಟಕಟ ಎನ್ನುತ್ತಿದ್ದವು. ಥರ್ಮಾಮೀಟರ್ ಇಟ್ಟು ನೋಡಿದಳು. ಪಾದರಸ ನೂರೊಂದು ದಾಟಿತ್ತು. ತಪ್ಪಿರಬೇಕೆಂದು ಕೊಡವಿ ಮತ್ತೆ ಇಟ್ಟಳು. ಮತ್ತೆ ಅಷ್ಟೇ. ನೂರು ದಾಟಿದರೆ ಮನೆಯಲ್ಲಿ ಕೂಡಬೇಡಿ, ಗುಳಿಗೆ ನುಂಗಿ ಜ್ವರ ಮುಚ್ಚಬೇಡಿ, ನೇರ ಬನ್ನಿ ಎಂದು ಡಾಕ್ಟರ್ ನರಹರಿ ಪ್ರತಿ ಸಲವೂ ಹೇಳುತ್ತಿದ್ದರು. ಕಾರ್ಖಾನೆಗೆ ಫೋನು ಮಾಡಿದಳು.

ಬಂಡೆಪ್ಪ ಎಣ್ಣೆಗೈಯಲ್ಲೇ ಓಡಿ ಬಂದ. ಹೆಂಡತಿ ನಡುಗುವುದನ್ನು ನೋಡಿ ಗಾಬರಿಯಾದ. "ಒಂದು ಕ್ರೋಸಿನ್ ಕೊಡ್ಲೇನು? ಚಳಿ ಇಳದ ಮ್ಯಾಲ ಹೋಗೂಣು."

"ಗುಳಿಗಿ ಕೊಟ್ರ ಜ್ವರ ಇಳೀತೈತಿ, ರೋಗ ಇಳಿಯಂಗಿಲ್ಲ. ಮದ್ಲ ಕೈ ತೊಳಕೊಂಡು ಆಟೋ ಕರೀರಿ," ಎಂದಳು.

ಎರ್ರಗಡ್ಡ ದಾಟುವಷ್ಟರಲ್ಲಿ ವಾಹನಗಳು ನಿಂತೇಬಿಟ್ಟವು. ಆಟೋದವನು ಬಗ್ಗಿ ನೋಡಿ, ಬೋನಾಲು ಹಬ್ಬದ ದೇವಿಯ ಮೆರವಣಿಗೆ, ಇನ್ನು ತಾಸುಗಟ್ಟಲೆ ಇಷ್ಟೇ ಎಂದ. ಡೋಲಿನ ಸದ್ದಿಗೆ ಅವಳ ತಲೆ ಸಿಡಿಯುತ್ತಿತ್ತು. ಬಂಡೆಪ್ಪ ಇಳಿದು ದಾರಿ ಬಿಡಿ ಎಂದು ಮುಂದಿನವರಿಗೆ ಕೈಮುಗಿಯುತ್ತ ಹೋದ. ಒಬ್ಬರೂ ಸರಿಯಲಿಲ್ಲ, ಸರಿಯಲು ಜಾಗವೂ ಇರಲಿಲ್ಲ. ಕೊನೆಗೆ ಆಟೋದವನೇ ಒಂದು ಗಲ್ಲಿಗೆ ತಿರುಗಿಸಿ, ಎಲ್ಲೆಲ್ಲೋ ಸುತ್ತಿ ಆಸ್ಪತ್ರೆ ಮುಟ್ಟಿಸಿದ.

ತುರ್ತು ಚಿಕಿತ್ಸೆಯ ಕೋಣೆಯ ಹೊರಗೆ ಬೆಂಚು ತುಂಬ ಜನ. ಕೆಮ್ಮುವವರು, ವಾಂತಿಯವರು, ಜ್ವರದ ಕೂಸು ಹೊತ್ತವರು. ಕೌಂಟರಿನವನು ತಲೆ ಎತ್ತದೆ, "ಬೈಠೋ ಅಮ್ಮಾ, ನಂಬರ್ ಆತಾ," ಎಂದು ಸರದಿ ಬರುವ ತನಕ ಕೂತಿರಲು ಹೇಳಿದ. ಪಕ್ಕದಲ್ಲಿ ಕೂತ ಮುದುಕನೊಬ್ಬ ಕರ್ಚೀಫಿಲ್ಲದೆ ಕೆಮ್ಮುತ್ತಿದ್ದ. ಮನೆಯಲ್ಲಿ ಒಡಹುಟ್ಟಿದವನನ್ನು ಹೊರಗೆ ನಿಲ್ಲಿಸಿ ಇಲ್ಲಿ ಈ ಬೆಂಚಿನ ಮೇಲೆ ಕೂಡಬೇಕೆ ಎನ್ನಿಸಿ ಸೂಗಮ್ಮನಿಗೆ ಜ್ವರದಲ್ಲೂ ರೋಷ ಏರಿತು. ಗಂಡನ ಭುಜ ಹಿಡಿದು ಎದ್ದು ನಿಂತಳು.

"ಮೇರೆಕು ಕೀಮೋ ಚಲ್ರಾ! ಬುಖಾರ್ ಹೈ! ಇಧರ್ ನಕ್ಕೊ ಬಿಠಾವೋ!" ಕೀಮೋ ನಡೆದಿದೆ, ಜ್ವರ ಬಂದಿದೆ, ಇಲ್ಲಿ ಕೂಡಿಸಬೇಡಿ ಎಂದು ಕೂಗಿದಳು. ಸ್ಕಾರ್ಫು ಕಿತ್ತು ಬೋಳು ತಲೆ ತೋರಿಸಿದಳು. ಬೆಂಚಿನ ಕೆಮ್ಮೆಲ್ಲ ಒಂದು ಗಳಿಗೆ ನಿಂತುಹೋಯಿತು. ಒಳಗಿಂದ ಎಳೆಯ ಡಾಕ್ಟರೊಬ್ಬಳು ಓಡಿ ಬಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

ಒಂಟಿ ಕೋಣೆ ಸಿಕ್ಕಿತು. ರಕ್ತ ತೆಗೆದರು, ಗ್ಲೂಕೋಸಿನ ನಳಿಗೆಯಲ್ಲಿ ಆ್ಯಂಟಿಬಯಾಟಿಕ್ ಬಿಟ್ಟರು, ಕಣ ಏರಲೆಂದು ಹೊಟ್ಟೆಗೆ ಇಂಜೆಕ್ಷನ್ ಚುಚ್ಚಿದರು. ಜ್ವರ ಇಳಿದಂತೆ ಮಾಡಿ ಮತ್ತೆ ಏರುತ್ತಿತ್ತು. ಎಚ್ಚರವಿದ್ದಾಗಲೆಲ್ಲ ಅವಳು ಒಂದೇ ಲೆಕ್ಕ ಹಾಕುತ್ತಿದ್ದಳು: ಅಣ್ಣನ ಸೀನು ಎಷ್ಟು ದೂರ ಹಾರಿರಬೇಕು? ಗಂಟು ಮುಟ್ಟಿದ ಕೈಯನ್ನು ಗಂಡ ತೊಳೆದಿದ್ದನೋ ಇಲ್ಲವೋ?

ರಕ್ತದ ವರದಿ ಬಂದ ಮೇಲೆ ಡಾಕ್ಟರ್ ನರಹರಿ ಕುರ್ಚಿ ಎಳೆದುಕೊಂಡು ಕೂತು ತೆಲುಗಿನಲ್ಲಿ ಬಿಡಿಸಿ ಹೇಳಿದರು. ಸಿಕ್ಕಿದ್ದು ನೆಗಡಿಯ ಸೋಂಕಲ್ಲ. ಎಲ್ಲರ ಕರುಳಿನಲ್ಲಿ ಸದಾ ಇರುವ ಕೀಟಾಣು. ಕೀಮೋದಿಂದ ಬಾಯಿ, ಕರುಳಿನ ಒಳಪದರ ತೆಳುವಾಗಿರುತ್ತದೆ. ತಡೆಯುವ ಕಣಗಳೂ ಇಲ್ಲದಾಗ ಅದು ರಕ್ತಕ್ಕೆ ಇಳಿಯುತ್ತದೆ. "ಯಾರೂ ನಿಮಗೆ ತಂದುಕೊಟ್ಟದ್ದಲ್ಲಮ್ಮ. ನಿಮ್ಮ ಮೈಯಲ್ಲೇ ಇದ್ದದ್ದು."

"ಹಾಗಾದರೆ ನಾನು ಅಣ್ಣನನ್ನು ಯಾಕೆ ಹೊರಗೆ ನಿಲ್ಲಿಸಿದೆ?" ಎಂದು ಸೂಗಮ್ಮ ಕೇಳಿದಳು. "ಕುದಿಸಿದ್ದು, ತೊಳೆದದ್ದು, ಸಪ್ಪೆ ತಿಂದದ್ದು ಎಲ್ಲ ದಂಡವೇ?"

"ಮಾಡಿದ್ದು ಸರಿಯೇ. ಆ ನೆಗಡಿಯೂ ಸೇರಿದ್ದರೆ ಇವತ್ತು ನೀವು ನನ್ನ ಜೊತೆ ಜಗಳವಾಡುತ್ತಿರಲಿಲ್ಲ," ಎಂದರು ಡಾಕ್ಟರು. ಸರಿಯಾಗಿ ಮಾಡಿದರೂ ಜ್ವರ ಬರಬಹುದು ಎಂದೂ ಹೇಳಿದರು.

ಅವರು ಹೋದ ಮೇಲೆ ಸೂಗಮ್ಮ ಬಹಳ ಹೊತ್ತು ಅತ್ತಳು. ಯಾರನ್ನಾದರೂ ಬಯ್ಯಬಹುದಾಗಿದ್ದರೆ ಹಗುರಾಗುತ್ತಿತ್ತು. ಬಯ್ಯಲು ತನ್ನ ಕರುಳೇ ಉಳಿದಿತ್ತು.

ಬಂಡೆಪ್ಪನ ಫೋನು ಗುಂಯ್‌ಗುಟ್ಟಿತು. ಅಮರೇಶಪ್ಪ. ಯಾರಿಂದಲೋ ಸುದ್ದಿ ತಿಳಿದಿತ್ತು. ಸದ್ದು ಹೊರಗೂ ಕೇಳುವಷ್ಟು ಜೋರಾಗಿ ಅವನು, "ನನ್ನ ಹೊರಗ ಹಾಕಿದ್ಲು, ಆದ್ರೂ ಬಂತಲ್ಲ ಜ್ವರ? ಈಗೇನಂತಾಳ?" ಎಂದ.

ಸೂಗಮ್ಮ ಮುಖ ತಿರುಗಿಸಿದಳು. ಗಂಡ ಎಂದಿನಂತೆ ಹೌದ್ರಿ ಹೌದ್ರಿ ಎನ್ನುತ್ತಾನೆಂದುಕೊಂಡಳು.

"ಅಣ್ಣಾರ, ಒಂದ್ ಮಾತು ಕೇಳ್ರಿ," ಎಂದ ಬಂಡೆಪ್ಪ. "ಆವತ್ತು ನಿಮ್ಮನ್ನ ನಿಲ್ಲಸಬೇಕಾದವ ನಾನು. ನಿಮ್ಮ ಕೆಮ್ಮು ಕೇಳಿಯೂ ಬರ್ರಿ ಅಂದೆ. ತಪ್ಪು ನಂದು, ಆಕಿದಲ್ಲ. ಇನ್ನ ಔಷಧ ಮುಗಿಯೂತನಕ ಯಾರೂ ಬರಬ್ಯಾಡ್ರಿ. ನೀವೂ ಬರಬ್ಯಾಡ್ರಿ. ಸಿಟ್ಟು ಬಂದ್ರ ನನಗ ಬಯ್ಯಿರಿ."

ಆ ಕಡೆ ಫೋನು ಕಟ್ಟಾದ ಸದ್ದು.

ಬಂಡೆಪ್ಪ ಫೋನನ್ನೇ ನೋಡುತ್ತ ನಿಂತ. "ಇಟ್ಟುಬಿಟ್ರು," ಎಂದ.

"ಇಟ್ರ ಇಡಲಿ ಬಿಡ್ರಿ," ಎಂದಳು ಸೂಗಮ್ಮ. ಮುಖ ಅವನ ಕಡೆ ಹೊರಳಿಸಿ, "ಬಾಯಿ ಒಣಗೈತಿ, ಒಂದ್ ಗುಟುಕು ನೀರು ಕೊಡ್ರಿ," ಎಂದಳು. ಅವನು ನೀರು ಕೊಡುವ ಮೊದಲು ಕೈ ತೊಳೆದ.

ಜ್ವರ ಬಿಟ್ಟಿತು, ಕಣಗಳು ನಿಧಾನವಾಗಿ ಏರಿದವು. ಮುಂದಿನ ಸರದಿಗಳಲ್ಲಿ ಡಾಕ್ಟರು ಔಷಧಿಯ ಪ್ರಮಾಣ ತಗ್ಗಿಸಿ, ಪ್ರತಿ ಸಲವೂ ಹೊಟ್ಟೆಗೆ ಇಂಜೆಕ್ಷನ್ ಕೊಡಿಸಿದರು. ಆದರೂ ನಡುವೆ ಮತ್ತೊಮ್ಮೆ ಹೊಳ್ಳಿ ಕಳಿಸಿದರು. ಸೂಗಮ್ಮ ಮತ್ತೊಮ್ಮೆ ನರ್ಸಿನ ಜೊತೆ ಜಗಳ ಮಾಡಿದಳು. ದಸರೆಗೆ ಮುಗಿಯಬೇಕಿದ್ದ ಕೀಮೋ ದೀಪಾವಳಿ ದಾಟಿ ಮುಗಿಯಿತು.

ಅಷ್ಟು ದಿನವೂ ಮಾನ್ವಿಯಿಂದ ಫೋನು ಬರಲಿಲ್ಲ. ಕೊನೆಯ ಸರದಿಯ ಮರುವಾರ ಬಂತು. ವಿಶಾಲಾಕ್ಷಿ ಫೋನು ಹಚ್ಚಿ ಗಂಡನ ಕೈಗೆ ಕೊಟ್ಟಿದ್ದಳು. ಅಮರೇಶಪ್ಪ ತೊಗರಿಯ ಬಗ್ಗೆ, ಹೊಸ ಬಸ್ ನಿಲ್ದಾಣದ ಬಗ್ಗೆ ಏನೇನೋ ಮಾತಾಡಿದ. ಕೊನೆಗೆ, "ಈಗಾದ್ರೂ ಬರಬಹುದೇನು?" ಎಂದು ಕೇಳಿದ.

ಹೂಂ ಎನ್ನಲು ಅವಳ ನಾಲಿಗೆ ತುದಿಗೆ ಬಂದಿತ್ತು. "ಇನ್ನೊಂದು ರಕ್ತಪರೀಕ್ಷೆ ಐತಿ ಅಣ್ಣಾ. ಕಣ ಪೂರಾ ಏರಿರಂಗಿಲ್ಲ. ಅದು ಆಗಲಿ, ನಾನ ಫೋನ್ ಮಾಡಿ ಕರೀತೀನಿ," ಎಂದಳು.

"ಹೂಂ," ಎಂದ ಅವನು.

ಅದರಲ್ಲಿ ಸಿಟ್ಟಿತ್ತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಫೋನಿಟ್ಟು, ಇಷ್ಟು ದಿನ ಬಟ್ಟೆ ಮುಚ್ಚಿಟ್ಟಿದ್ದ ಹೊಲಿಗೆ ಮಷೀನಿನ ಹತ್ತಿರ ಹೋಗಿ, ಸೂಜಿ ಮುಟ್ಟದೆ ಬರೀ ಧೂಳು ಒರೆಸತೊಡಗಿದಳು. ಧೂಳೂ ಆಗದು ಎಂದು ಒಳಗಿನಿಂದ ಬಂಡೆಪ್ಪ ಕೂಗಿದ. ಅವಳು ಅರಿವೆಯನ್ನು ಮೂಲೆಗೆ ಎಸೆದು ಕೈ ತೊಳೆಯಲು ಹೋದಳು.